ಘಟ್ಟದ ಇನ್ನೊಂದು ಮಗ್ಗುಲೆಲ್ಲಿ?

ಕಾರ್ಕಳದ ಗೊಮ್ಮಟಬೆಟ್ಟದ ಮೇಲೆ ನಿಂತು ಪೂರ್ವಕ್ಕೆ ನೋಡಿದರೆ ಪಶ್ಚಿಮಘಟ್ಟವು ನೀಲಿ ಗೋಡೆಯಂತೆ ಕಾಣುವುದು. ಉಡುಪಿಯಿಂದ ಹೆಬ್ರಿ, ಸೋಮೇಶ್ವರಗಳ ಮಾರ್ಗವಾಗಿ ಹೊರಟ ಬಸ್ಸು ಈ ಗೋಡೆಯನ್ನು ತಿರುವುತಿರುವಾಗಿ ಏರಿ, ಸುಮಾರು 650 ಮೀಟರು ಎತ್ತರದ ಆಗುಂಬೆಯನ್ನು ಮುಟ್ಟುತ್ತದೆ. ಬೆಟ್ಟವನ್ನು ಏರಿದ ಮೇಲೆ ಆಚೆಗೆ ಇಳಿಯಬೇಕಷ್ಟೆ. ಆದರೆ ಬಸ್ಸು ಹೆಚ್ಚೇನೂ ಇಳಿಯದೆ ತೀರ್ಥಹಳ್ಳಿಯತ್ತ ಸಾಗುತ್ತದೆ. ಹಾಗಾದರೆ ಈ ಬೆಟ್ಟದ ಇನ್ನೊಂದು ಮಗ್ಗುಲೆಲ್ಲಿ?

ಪರ್ವತಗಳೆಲ್ಲವೂ ಒಂದೇ ರೀತಿಯಲ್ಲಿ ಹುಟ್ಟುವುದಿಲ್ಲ. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಭೂಫಲಕವು ಏಷ್ಯದ ಭೂಫಲಕಕ್ಕೆ ತಾಗಿತು. ನೆಲದ ಮೇಲಿನ ಜಮಖಾನೆಯನ್ನು ಎರಡು ಕಡೆಗಳಿಂದ ಒತ್ತಿದಾಗ ಮಡಿಕೆಗಳೇಳುವಂತೆ, ಅಲ್ಲಿಯ ಶಿಲಾಸ್ತರಗಳು ಮಡಿಚಿಕೊಂಡು ಮೇಲೆದ್ದು ಹಿಮಾಲಯವಾದುವು. ನಮ್ಮ ಘಟ್ಟದ ಕಥೆ ಬೇರೆ. ಅದು ಒತ್ತಡದಿಂದಲ್ಲ, ಒಡಕಿನಿಂದ ಹುಟ್ಟಿತು.

ಆ ಒಡಕಿನ ಕುರುಹು ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪಗಳಲ್ಲಿದೆ. ಅಲ್ಲಿ ಸಾಲಾಗಿ ನಿಂತಿರುವ ಕಲ್ಲಿನ ಕಂಬಗಳನ್ನು ಯಾರೂ ಕೆತ್ತಿದುದಲ್ಲ. ಹರಿದುಬಂದ ಲಾವಾರಸವು ಆರುತ್ತ ಕುಗ್ಗಿ, ಹಲವು ಮುಖಗಳ ಕಂಬಗಳಾಗಿ ಸೀಳಿತು. ಇದು ಸುಮಾರು 8.5ರಿಂದ 9 ಕೋಟಿ ವರ್ಷಗಳ ಹಿಂದಿನ ಮಾತು. ಅದುವರೆಗೆ ನಮ್ಮ ಪಶ್ಚಿಮ ತೀರಕ್ಕೆ ಅಂಟಿಕೊಂಡಿದ್ದ ಮಡಗಾಸ್ಕರವು ಬೇರ್ಪಟ್ಟುದು ಅದೇ ಕಾಲದಲ್ಲಿ. ಈ ಒಡಕಿನಿಂದಲೂ ಮುಂದೆ ಉಂಟಾದ ಬಿರುಕುಗಳಿಂದಲೂ ಪುರಾತನ ಪ್ರಸ್ಥಭೂಮಿಯ ಅಂಚು ಕಡಲಿಗೆ ತೆರೆದುಕೊಂಡಿತು.

ಬಳಿಕ ಮಳೆಯೂ ನದಿಗಳೂ ಕೆಲಸಕ್ಕೆ ತೊಡಗಿದುವು. ಅವು ಅಂಚನ್ನು ಕೊರೆಕೊರೆದು ಪೂರ್ವಕ್ಕೆ ಸರಿಸಿದುವು. ಸವೆದು ಉಳಿದ ತಗ್ಗೇ ಇಂದಿನ ಕರಾವಳಿ. ಹೀಗೆ ಸವೆದರೆ ಘಟ್ಟವು ತಗ್ಗಬೇಡವೆ? ಮಲ್ಪೆಯ ಬಂದರಿನಲ್ಲಿ ಮೀನಿನ ಹೊರೆಯನ್ನು ಇಳಿಸಿದ ದೋಣಿಯನ್ನು ನೋಡಿರಿ: ಹಗುರವಾದಂತೆ ಅದು ಮೇಲಕ್ಕೇಳುತ್ತದೆ. ಭೂಮಿಯ ಹೊರಚಿಪ್ಪೂ ತನಗಿಂತ ಸಾಂದ್ರವಾದ, ಬಹು ನಿಧಾನವಾಗಿ ಹರಿಯಬಲ್ಲ ಒಳಪದರದ ಮೇಲೆ ತೇಲಿದಂತಿದೆ. ಶಿಲೆಯ ಹೊರೆ ಕಳೆದಂತೆ ಅದೂ ಮೆಲ್ಲನೆ ಏರುತ್ತದೆ.

ಆದುದರಿಂದ ಘಟ್ಟಕ್ಕೆ ಇರುವುದು ಒಂದೇ ಕಡಿದಾದ ಮಗ್ಗುಲು. ಇನ್ನೊಂದು ಕಡೆ ಪೂರ್ವಕ್ಕೆ ಮೆಲ್ಲನೆ ಬಾಗಿದ ಪ್ರಸ್ಥಭೂಮಿ. ಅರಬ್ಬೀ ಸಮುದ್ರದ ಸಮೀಪದಲ್ಲೇ ಹುಟ್ಟುವ ತುಂಗೆಯ ನೀರು ಕೃಷ್ಣೆಯನ್ನು ಕೂಡಿ ದೂರದ ಬಂಗಾಳ ಕೊಲ್ಲಿಯನ್ನು ಸೇರುವುದು ಇದರಿಂದಲೇ.

ಶಿಲೆಯ ವಯಸ್ಸು ಬೇರೆ, ಬೆಟ್ಟದ ವಯಸ್ಸು ಬೇರೆ ಎಂಬುದನ್ನು ಮರೆಯಬಾರದು. ಈ ಸೀಮೆಯ ಗಟ್ಟಿ ಶಿಲೆಗಳಲ್ಲಿ ಬಹುಪಾಲು 250 ಕೋಟಿ ವರ್ಷಗಳಿಗಿಂತ ಹಳೆಯವು. ಘಟ್ಟದ ಆಕಾರವು ಅವುಗಳ ಮುಂದೆ ಎಳೆಯದು. ಆ ಆಕಾರವೂ ಇನ್ನೂ ಮುಗಿದಿಲ್ಲ. ಮಳೆಗಾಲದಲ್ಲಿ ಘಟ್ಟದ ರಸ್ತೆಗೆ ಮಣ್ಣು ಜರಿದು ಬೀಳುವುದು ಆ ಪುರಾತನ ಕಾರ್ಯದ ಮುಂದುವರಿಕೆಯೇ. ಇಳಿಜಾರನ್ನು ಕಡಿದು, ಕಾಡನ್ನು ಸವರಿ, ನಾವು ಅದರ ವೇಗವನ್ನು ಹೆಚ್ಚಿಸದಿದ್ದರೆ ಸಾಕು.