ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಕೀಮಾ ಪಾಸ್ತಾ ತಿನ್ನಬಹುದೇ?

ಹೃದಯದ ಕವಾಟ ಬದಲಿಸಿಕೊಂಡವರಿಗೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರಿಗೆ ವೈದ್ಯರು ವಾರ್ಫರಿನ್ ಅಥವಾ ಅಸಿನೊಕೌಮರಾಲ್ ಮಾತ್ರೆ ಕೊಡುತ್ತಾರೆ. ಜೊತೆಗೆ ‘ಸೊಪ್ಪು ನೋಡಿಕೊಂಡು ತಿನ್ನಿ’ ಎನ್ನುತ್ತಾರೆ. ವಡೋದರದ ಮಕರಪುರದಂತಹ ಕಾರ್ಖಾನೆ ಪ್ರದೇಶದಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲೂ ಮಕ್ಕಳು ಈಗ ಪಾಸ್ತಾ ಕೇಳುತ್ತಾರೆ. ಅದೇ ಪಾತ್ರೆಯಿಂದ ಅಜ್ಜನಿಗೂ ಬಡಿಸಬಹುದೇ? ಬಡಿಸಬಹುದು. ಸೊಪ್ಪಿನ ಅಳತೆ ಮಾತ್ರ ಗೊತ್ತಿರಬೇಕು.

ಸೊಪ್ಪಿಗೂ ಮಾತ್ರೆಗೂ ಏನು ಸಂಬಂಧ?

ರಕ್ತ ಹೆಪ್ಪುಗಟ್ಟಿಸುವ ಕೆಲವು ಅಂಶಗಳನ್ನು ತಯಾರಿಸಲು ಯಕೃತ್ತಿಗೆ ವಿಟಮಿನ್ ಕೆ ಬೇಕು. ಈ ಮಾತ್ರೆಗಳು ಆ ಕೆಲಸವನ್ನೇ ತಡೆಯುತ್ತವೆ. ಹಸಿರು ಸೊಪ್ಪಿನಲ್ಲಿ ವಿಟಮಿನ್ ಕೆ ಹೆಚ್ಚು. ಒಮ್ಮೆಲೇ ಸೊಪ್ಪು ಜಾಸ್ತಿಯಾದರೆ ಐಎನ್‌ಆರ್ ಇಳಿದು ಹೆಪ್ಪುಗಟ್ಟುವ ಅಪಾಯ. ಹೆದರಿ ಪೂರ್ತಿ ಬಿಟ್ಟರೆ ಐಎನ್‌ಆರ್ ಏರಿ ರಕ್ತಸ್ರಾವದ ಅಪಾಯ. ಆದ್ದರಿಂದ ಸೊಪ್ಪು ಬಿಡಬೇಡಿ, ವಾರದಿಂದ ವಾರಕ್ಕೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನಿ.

ಯಾವ ಸೊಪ್ಪಿನಲ್ಲಿ ಎಷ್ಟು?

100 ಗ್ರಾಂ ಹಸಿ ಕೊತ್ತಂಬರಿಯಲ್ಲಿ ಸುಮಾರು 310 ಮೈಕ್ರೋಗ್ರಾಂ ವಿಟಮಿನ್ ಕೆ ಇರುತ್ತದೆ. ಪಾಸ್ತಾಕ್ಕೆ ಹಾಕುವ ಬೇಸಿಲ್‌ನಲ್ಲಿ ಸುಮಾರು 415, ಪಾರ್ಸ್ಲಿಯಲ್ಲಿ ಸುಮಾರು 1,640. ಒಬ್ಬರ ಪಾಲಿಗೆ 5 ಗ್ರಾಂ ಬಂದರೆ ಕೊತ್ತಂಬರಿಯಿಂದ 15, ಬೇಸಿಲ್‌ನಿಂದ 20, ಪಾರ್ಸ್ಲಿಯಿಂದ 80 ಮೈಕ್ರೋಗ್ರಾಂ. ಬೇಸಿಲ್ ರುಬ್ಬಿ ಮಾಡುವ ಪೆಸ್ಟೊದಲ್ಲಿ ಒಬ್ಬರ ಪಾಲಿಗೇ ಬಹಳಷ್ಟು ಸೊಪ್ಪು ಸೇರುತ್ತದೆ. ಬೇಯಿಸಿದ ಮಾತ್ರಕ್ಕೆ ವಿಟಮಿನ್ ಕೆ ಹೋಗುವುದಿಲ್ಲ. ಮಾಂಸ, ಟೊಮೆಟೊ, ಪಾಸ್ತಾಗಳಲ್ಲಿ ಅದು ಕಡಿಮೆ.

ನಾಲ್ಕು ಜನರಿಗೆ ಮಾಡುವ ವಿಧಾನ

ಎರಡು ಚಮಚ ಕಡಲೆಕಾಯಿ ಎಣ್ಣೆಯಲ್ಲಿ ಎರಡು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ ಹುರಿಯಿರಿ. 250 ಗ್ರಾಂ ಮಟನ್ ಕೀಮಾ ಹಾಕಿ, ಕೆಂಪು ಬಣ್ಣ ಹೋಗುವವರೆಗೆ ಬಾಡಿಸಿ. ಹೆಚ್ಚಿದ ನಾಲ್ಕು ಟೊಮೆಟೊ, ಮೆಣಸಿನ ಪುಡಿ, ಸ್ವಲ್ಪ ಉಪ್ಪು, ಒಂದು ಲೋಟ ನೀರು ಸೇರಿಸಿ ಮುಚ್ಚಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಿ. ಬೇರೆಯಾಗಿ ಬೇಯಿಸಿದ 300 ಗ್ರಾಂ ಪಾಸ್ತಾ ಕಲಸಿ. ಕೊನೆಗೆ 20 ಗ್ರಾಂ ಕೊತ್ತಂಬರಿ ಸೊಪ್ಪನ್ನು ಒಮ್ಮೆ ತೂಗಿ ಹಾಕಿ. ಅಷ್ಟು ಎಂದರೆ ಎಷ್ಟು ಹಿಡಿ ಎಂದು ಕಣ್ಣಿಗೆ ಗೊತ್ತಾಗುತ್ತದೆ. ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ನಲ್ಲಿಡಿ.

ಇನ್ನೇನು ಗಮನಿಸಬೇಕು?

ಗುಜರಾತಿನ ಚಳಿಗಾಲದಲ್ಲಿ ಕೊತ್ತಂಬರಿ, ಮೆಂತ್ಯ, ಹಸಿ ಬೆಳ್ಳುಳ್ಳಿ ಧಾರಾಳ. ಉತ್ತರಾಯಣದ ಊಂಧಿಯುವಿಗೂ ಇವು ಬೀಳುತ್ತವೆ. ಆ ದಿನಗಳಲ್ಲಿ ಸೊಪ್ಪು ಹೆಚ್ಚು ತಿನ್ನುತ್ತಿದ್ದರೆ ಐಎನ್‌ಆರ್ ಪರೀಕ್ಷೆಗೆ ಹೋದಾಗ ವೈದ್ಯರಿಗೆ ಹೇಳಿ. ಅಡುಗೆ ಎಣ್ಣೆ ಬದಲಿಸಿದರೂ ಹೇಳಿ: ಕಡಲೆಕಾಯಿ ಎಣ್ಣೆಗಿಂತ ಸೋಯಾ ಎಣ್ಣೆಯಲ್ಲಿ ವಿಟಮಿನ್ ಕೆ ಬಹಳ ಹೆಚ್ಚು.

ಅಪಿಕ್ಸಾಬಾನ್, ರಿವರಾಕ್ಸಾಬಾನ್, ಡಾಬಿಗಾಟ್ರಾನ್ ತೆಗೆದುಕೊಳ್ಳುವವರಿಗೆ ಸೊಪ್ಪಿನ ಈ ಲೆಕ್ಕ ಬೇಕಿಲ್ಲ. ನಿಮ್ಮ ಮಾತ್ರೆ ಯಾವುದು ಎಂದು ಚೀಟಿ ತೋರಿಸಿ ಔಷಧಿ ಅಂಗಡಿಯಲ್ಲಿ ಕೇಳಿ.

ಒಂದು ದಿನ ಸೊಪ್ಪು ಹೆಚ್ಚಾಯಿತೆಂದು ನೀವೇ ಮಾತ್ರೆ ಹೆಚ್ಚಿಸಬೇಡಿ, ಬಿಡಲೂಬೇಡಿ. ಒಸಡಿನಲ್ಲಿ ನಿಲ್ಲದ ರಕ್ತ, ಕಪ್ಪು ಮಲ, ತಲೆಗೆ ಪೆಟ್ಟು, ಏಕಾಏಕಿ ಕೈಕಾಲು ಸೋಲುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ.