ಸಾಲಿ ಮಾಸ್ತರರೇ ಗಿರಾಕಿ

ಹತ್ತೊಂಬತ್ತನೆಯ ಶತಮಾನದ ಬೆಳಗಾವಿಯಲ್ಲಿ ಕನ್ನಡ ಪುಸ್ತಕ ಅಚ್ಚುಹಾಕಿ ಹೊಟ್ಟೆ ಹೊರೆಯುವುದು ಸುಲಭವಿರಲಿಲ್ಲ. ಓದುಬಲ್ಲವರೇ ಕಡಿಮೆ, ಅವರಲ್ಲೂ ಬಹಳ ಮಂದಿ ಮರಾಠಿಯಲ್ಲಿ ಕಲಿತವರು. 1848ರಲ್ಲಿ ಊರಿಗೆ ನೇಟಿವ್ ಜನರಲ್ ಲೈಬ್ರರಿ ಬಂತು, ಇಂದಿನ ಸಾರ್ವಜನಿಕ ವಾಚನಾಲಯ ಅದೇ. 1863ರಲ್ಲಿ ಹೊರಟ ‘ಬೆಳಗಾವ ಸಮಾಚಾರ’ ಮರಾಠಿ ವಾರಪತ್ರಿಕೆ. ಕನ್ನಡಕ್ಕೆ ಗಿರಾಕಿ ಹುಡುಕಿಕೊಟ್ಟದ್ದು ಪೇಟೆಯಲ್ಲ, ಮುಂಬೈ ಸರಕಾರದ ವಿದ್ಯಾ ಇಲಾಖೆ.

ಆ ಇಲಾಖೆಯೊಳಗೆ ಕೂತು ಪ್ರಕಾಶಕನ ಕೆಲಸ ಮಾಡಿದವರು ಡೆಪ್ಯುಟಿ ಚನ್ನಬಸಪ್ಪ. ಶಾಲೆ ತೆರೆಸುವುದು, ಮಾಸ್ತರರನ್ನು ತಯಾರು ಮಾಡುವುದು, ಪುಸ್ತಕ ಬರೆಯಿಸುವುದು, ಎಲ್ಲ ಅವರ ಮೈಮೇಲೆಯೇ. 1865ರಲ್ಲಿ ಶುರುವಾದ ‘ಮಠಪತ್ರಿಕೆ’ ಹಳ್ಳಿಯ ಶಿಕ್ಷಕರಿಗಾಗಿಯೇ ಹುಟ್ಟಿದ್ದು. ಇಷ್ಟರ ನಡುವೆ ಶೇಕ್ಸ್‌ಪಿಯರನ ಪ್ರಹಸನವೊಂದನ್ನು ‘ನಗದವರನ್ನು ನಗಿಸುವ ಕಥೆ’ಯಾಗಿಸಲು (1871) ಅವರಿಗೆ ಪುರುಸೊತ್ತು ಎಲ್ಲಿ ಸಿಕ್ಕಿತೋ!

ಅಂದಿನ ಕನ್ನಡ ಪುಸ್ತಕಗಳಲ್ಲಿ ಅನೇಕವು ಕಲ್ಲಚ್ಚಿನವು. ಕೈಬರಹ ಅಂದವಾಗಿದ್ದವನು ಜಿಡ್ಡಿನ ಮಸಿಯಲ್ಲಿ ಕಾಗದದ ಮೇಲೆ ಬರೆಯುತ್ತಿದ್ದ. ಅದನ್ನು ನುಣುಪುಗಲ್ಲಿಗೆ ಒತ್ತಿ, ಕಲ್ಲನ್ನು ನೀರಿನಿಂದ ತೋಯಿಸಿ ಶಾಯಿ ಉರುಳಿಸಿದರೆ, ನೀರು ಕುಡಿದ ಜಾಗ ಶಾಯಿಯನ್ನು ದೂರವಿಡುತ್ತಿತ್ತು, ಜಿಡ್ಡಿನ ಅಕ್ಷರ ಮಾತ್ರ ಹಿಡಿದುಕೊಳ್ಳುತ್ತಿತ್ತು. ಮೊಳೆ ಎರಕ ಹೊಯ್ಯಿಸುವ ಖರ್ಚಿಲ್ಲ, ಒತ್ತಕ್ಷರಗಳ ಕಾಟವಿಲ್ಲ. ಮರಾಠಿಯ ಮೋಡಿ, ಬಾಳಬೋಧ ಲಿಪಿಗಳು, ಕನ್ನಡ, ಮೂರೂ ಅದೇ ಕಲ್ಲಿನ ಮೇಲೆ ಸರತಿಯಲ್ಲಿ ಮೂಡಬಹುದಿತ್ತು. ಎರಡು ನುಡಿಗಳ ಊರಿಗೆ ಇದಕ್ಕಿಂತ ಒಪ್ಪುವ ಯಂತ್ರವನ್ನು ನಾನಂತೂ ಕಾಣೆ.

ಪಕ್ಕದ ಖಾನಾಪುರದ್ದು ಬೇರೆಯೇ ಕಥೆ. ಕಾಡು, ಮಳೆ, ಮರಾಠಿ ಮನೆಮಾತಿನ ಊರುಗಳು. ಅಲ್ಲಿ ಪುಸ್ತಕ ಮುಟ್ಟಿಸುವುದೇ ಸಾಹಸ. ಆದರೆ ಕನ್ನಡನಾಡಿನ ಅತಿ ಹಳೆಯ ದಾಖಲೆಗಳಲ್ಲಿ ಕೆಲವು ಸಿಕ್ಕದ್ದು ಅದೇ ತಾಲೂಕಿನ ಹಲಸಿಯಲ್ಲಿ. ಕದಂಬರ ಆ ತಾಮ್ರಪಟಗಳನ್ನು ಓದಿ ಪ್ರಕಟಿಸಿದ ಜೆ. ಎಫ್. ಫ್ಲೀಟ್ ಕೂಡ ದಕ್ಷಿಣ ವಿಭಾಗದ ವಿದ್ಯಾ ಇನ್ಸ್‌ಪೆಕ್ಟರರಾಗಿದ್ದವರು. ಶಾಲಾಪುಸ್ತಕವಿರಲಿ, ಶಾಸನವಿರಲಿ, ದಾರಿ ಇಲಾಖೆಯ ಕಚೇರಿಯನ್ನು ಹಾಯ್ದೇ ಹೋಗುತ್ತಿತ್ತು.

ಚನ್ನಬಸಪ್ಪ 1881ರಲ್ಲಿ ತೀರಿಕೊಂಡರು. ಮಠಪತ್ರಿಕೆಯ ಸಂಪಾದಕರಾಗಿದ್ದ ವೆಂಕಟ ರಂಗೋ ಕಟ್ಟಿ ಮುಂದೆ 1893ರಲ್ಲಿ ಮುಂಬೈ ಕರ್ನಾಟಕದ ಗ್ಯಾಝೆಟಿಯರನ್ನೇ ಕನ್ನಡದಲ್ಲಿ ಕೊಟ್ಟರು. ಪತ್ರಿಕೆ ಹೆಸರು ಬದಲಿಸಿ ‘ಜೀವನ ಶಿಕ್ಷಣ’ವಾಯಿತು. ಸರಕಾರದ ಹಂಗಿಲ್ಲದೆ ಗ್ರಂಥಕರ್ತರಿಗೆ ಬಹುಮಾನ ಕೊಡುವ ಕೆಲಸವನ್ನು 1890ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ ಕೈಗೆತ್ತಿಕೊಂಡಿತು. ಆ ಬಹುಮಾನ ಪಡೆದವರಲ್ಲಿ ಗಳಗನಾಥರೂ ಒಬ್ಬರು. ಅವರು ಇಲಾಖೆಯ ಆರ್ಡರಿಗೆ ಕಾಯಲಿಲ್ಲ. ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು.