ತಲೆ ತಗ್ಗಿಸಿ ದುಡಿದರಷ್ಟೇ ಸಾಕೇ?

ಮದುವೆ ಮನೆಯಲ್ಲಿ ಪಂಕ್ತಿಗೆ ಕೂತಾಗ ಪಕ್ಕದವರು 'ನಮ್ಮ ಹುಡುಗಿ ನ್ಯೂಯಾರ್ಕ್‌ನ ಬ್ಯಾಂಕಿನಲ್ಲಿ ವೈಸ್ ಪ್ರೆಸಿಡೆಂಟ್' ಅಂದರೆ ನಾವು ಮೂಗಿನ ಮೇಲೆ ಬೆರಳಿಡುತ್ತೇವೆ, ಅಲ್ವೇ? ನಾನೂ ನನ್ನ ತಂಗಿಯ ಬಗ್ಗೆ ಹಾಗೇ ಹೇಳಿಕೊಂಡು ತಿರುಗಿದವಳೇ. ಒಂದು ದಿನ ಅವಳೇ ನಕ್ಕು ಹೇಳಿದಳು, 'ಅಕ್ಕಾ, ಇಲ್ಲಿ ವೈಸ್ ಪ್ರೆಸಿಡೆಂಟ್ ಅಂದ್ರೆ ಅಧ್ಯಕ್ಷರ ಪಕ್ಕದ ಕುರ್ಚಿ ಅಲ್ಲ. ಮಧ್ಯದ ಮೆಟ್ಟಿಲು ಅಷ್ಟೆ. ನಮ್ಮ ಮಹಡಿಯಲ್ಲೇ ಇಂಥವರು ಹತ್ತಾರು ಜನ ಇದ್ದೀವಿ.'

ವಾಲ್‌ಸ್ಟ್ರೀಟ್‌ನ ಬ್ಯಾಂಕುಗಳಲ್ಲಿ ಏಣಿ ಹೆಚ್ಚುಕಮ್ಮಿ ಹೀಗಿರುತ್ತದೆ: ಅನಲಿಸ್ಟ್, ಅಸೋಸಿಯೇಟ್, ವೈಸ್ ಪ್ರೆಸಿಡೆಂಟ್, ಡೈರೆಕ್ಟರ್, ಆಮೇಲೆ ಮ್ಯಾನೇಜಿಂಗ್ ಡೈರೆಕ್ಟರ್. ಕೆಳಗಿನ ಮೆಟ್ಟಿಲುಗಳಲ್ಲಿ ಭಾರತ, ಚೀನಾ, ಕೊರಿಯಾ ಮೂಲದವರು ಧಾರಾಳವಾಗಿ ಸಿಗುತ್ತಾರೆ. ಲೆಕ್ಕದಲ್ಲಿ ಚುರುಕು, ರಾತ್ರಿ ಹನ್ನೊಂದಾದರೂ ಗೊಣಗುವುದಿಲ್ಲ. ಆದರೆ ಮೇಲೆ ಹೋದಂತೆ ಈ ಮುಖಗಳು ವಿರಳ.

ತಂಗಿ ಮೂರನೇ ಮೆಟ್ಟಿಲಲ್ಲಿ ಆರು ವರ್ಷ ನಿಂತಳು. ಹೋದ ವರ್ಷ, ಅವಳೇ ಕೆಲಸ ಕಲಿಸಿದ್ದ ಹುಡುಗ ಡೈರೆಕ್ಟರ್ ಆದ. ನಾನಿಲ್ಲಿ ಬೆಳಗಿನ ದೋಸೆ ಹುಯ್ಯುತ್ತಿದ್ದೆ, ಅಲ್ಲಿ ರಾತ್ರಿ. ಫೋನಿನಲ್ಲಿ ಅವಳ ದನಿ ಒಡೆದಿತ್ತು. 'ವರದಿ ಬರೆದವಳು ನಾನು ಅಕ್ಕಾ, ಮೀಟಿಂಗ್‌ನಲ್ಲಿ ಎದ್ದು ಹೇಳಿದವನು ಅವನು. ನೀನು ಶ್ರಮಜೀವಿ, ಆದರೆ ನಾಯಕತ್ವ ಕಾಣಿಸ್ತಿಲ್ಲ ಅಂದ್ರು.'

ನನಗೆ ಚುರುಕ್ ಎಂದಿತು. ಯಾಕೆಂದರೆ ಅವಳನ್ನು ವಿಮಾನ ಹತ್ತಿಸುವಾಗ 'ತಲೆ ತಗ್ಗಿಸಿ ಕೆಲಸ ಮಾಡು, ಯಾರಿಗೂ ಎದುರು ಮಾತಾಡಬೇಡ, ಅವರೇ ಗುರುತಿಸ್ತಾರೆ' ಎಂದು ಬುದ್ಧಿ ಹೇಳಿದವಳು ನಾನೇ.

ಬಿದಿರಿನ ಚಾವಣಿ

ಹೆಂಗಸರನ್ನು ಮೇಲೇರದಂತೆ ತಡೆಯುವ 'ಗಾಜಿನ ಚಾವಣಿ'ಯ ಮಾತು ನೀವು ಕೇಳಿರುತ್ತೀರಿ. ಏಷ್ಯಾದವರನ್ನು ತಡೆಯುವುದಕ್ಕೆ ಅಮೆರಿಕದಲ್ಲಿ 'ಬಿದಿರಿನ ಚಾವಣಿ' ಎನ್ನುತ್ತಾರೆ. ಜೇನ್ ಹ್ಯೂನ್ ಎಂಬ ಲೇಖಕಿ 2005ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ಹೆಸರು ಬಳಕೆಗೆ ಬಂತು. ಏಷ್ಯಾದ ಹೆಣ್ಣುಮಗಳಿಗೋ, ತಲೆಯ ಮೇಲೆ ಎರಡೂ ಚಾವಣಿ!

'ಹಾಗಾದರೆ ನಮ್ಮವರು ಮೇಲೇರಿಲ್ಲವೇ?' ಎನ್ನುತ್ತೀರಾ? ಏರಿದ್ದಾರೆ. ನಾಗಪುರದಲ್ಲಿ ಹುಟ್ಟಿದ ವಿಕ್ರಂ ಪಂಡಿತ್ 2007ರಿಂದ 2012ರವರೆಗೆ ಸಿಟಿಗ್ರೂಪ್‌ನ ಮುಖ್ಯಸ್ಥರಾಗಿದ್ದರು. ಅಜಯ್ ಬಂಗಾ 2010ರಿಂದ 2020ರವರೆಗೆ ಮಾಸ್ಟರ್‌ಕಾರ್ಡ್ ನಡೆಸಿ, 2023ರಲ್ಲಿ ವಿಶ್ವಬ್ಯಾಂಕಿನ ಅಧ್ಯಕ್ಷರಾದರು. ನಮ್ಮ ಮೈಸೂರಿನಲ್ಲಿ ಬೆಳೆದ ಗೀತಾ ಗೋಪಿನಾಥ್ 2019ರಲ್ಲಿ ಐಎಂಎಫ್‌ನ ಮೊದಲ ಮಹಿಳಾ ಮುಖ್ಯ ಅರ್ಥಶಾಸ್ತ್ರಜ್ಞೆಯಾದರು. 2022ರಲ್ಲಿ ಅಲ್ಲಿನ ಎರಡನೇ ಸ್ಥಾನಕ್ಕೇರಿ, 2025ರಲ್ಲಿ ಹಾರ್ವರ್ಡ್‌ಗೆ ಪಾಠ ಹೇಳಲು ಮರಳಿದರು. ಹೆಮ್ಮೆಯ ಸಂಗತಿಯೇ. ಆದರೆ ಈ ಹೆಸರುಗಳು ಬಾಯಿಪಾಠವಾಗಿರುವುದು ಅವು ಬೆರಳೆಣಿಕೆಯಷ್ಟೇ ಇರುವುದರಿಂದ. ವಾಲ್‌ಸ್ಟ್ರೀಟ್‌ನ ದೊಡ್ಡ ಬ್ಯಾಂಕೊಂದಕ್ಕೆ ಮಹಿಳೆಯೊಬ್ಬರು ಮೊದಲ ಬಾರಿ ಮುಖ್ಯಸ್ಥೆಯಾದದ್ದೇ 2021ರಲ್ಲಿ, ಸಿಟಿಗ್ರೂಪ್‌ನ ಜೇನ್ ಫ್ರೇಸರ್. ಏಷ್ಯಾ ಮೂಲದ ಹೆಣ್ಣುಮಗಳು ಅಂಥ ಕುರ್ಚಿಯಲ್ಲಿ ಇನ್ನೂ ಕೂತಿಲ್ಲ.

ಚುರುಕು ಹುಡುಗ, ಬಾಯಿಬಡುಕಿ ಹುಡುಗಿ

ಜಾಕ್ಸನ್ ಲೂ ಮತ್ತು ಸಂಗಡಿಗರು ಅಮೆರಿಕದಲ್ಲಿ ಅಧ್ಯಯನವೊಂದನ್ನು ನಡೆಸಿ 2020ರಲ್ಲಿ ಪ್ರಕಟಿಸಿದರು. ಚೀನಾ, ಜಪಾನ್, ಕೊರಿಯಾ ಕಡೆಯವರಿಗಿಂತ ಭಾರತದ ಕಡೆಯವರು ನಾಯಕತ್ವದ ಹುದ್ದೆಗಳಿಗೆ ಹೆಚ್ಚು ಏರುತ್ತಾರಂತೆ. ಆಸೆ, ಶ್ರಮ ಇಬ್ಬರಲ್ಲೂ ಇದೆ. ವ್ಯತ್ಯಾಸ ಇರುವುದು ತನ್ನ ಮಾತನ್ನು ಗಟ್ಟಿಯಾಗಿ ಮುಂದಿಡುವುದರಲ್ಲಿ. ನಮ್ಮವರು ವಾದಕ್ಕೆ ಹಿಂಜರಿಯುವುದಿಲ್ಲ.

ಓದಿ ಖುಷಿಯಾಯಿತು. ಮರುಕ್ಷಣವೇ ಅನುಮಾನವೂ ಬಂತು. ನಮ್ಮ ಮನೆಗಳಲ್ಲಿ ವಾದ ಮಾಡಲು ಬಿಡುವುದು ಯಾರಿಗೆ? ಮಗ ಎದುರು ಮಾತಾಡಿದರೆ 'ಲಾಯರ್ ಆಗ್ತಾನೆ ನೋಡಿ' ಎಂದು ನಗುತ್ತೇವೆ. ಮಗಳು ಅದೇ ಮಾತಾಡಿದರೆ 'ಬಾಯಿಬಡುಕಿ, ನಾಳೆ ಅತ್ತೆ ಮನೇಲಿ ಏನು ಗತಿ' ಎನ್ನುತ್ತೇವೆ. ಹೌದೋ ಅಲ್ಲವೋ, ನೀವೇ ಹೇಳಿ.

ಹಾಗಂತ ತಪ್ಪೆಲ್ಲ ನಮ್ಮದೇ ಅಲ್ಲ. ಭಾರತದ ಕಡೆಯವರು ಪೂರ್ವಗ್ರಹವನ್ನು ಇತರ ಏಷ್ಯನ್ನರಿಗಿಂತ ಹೆಚ್ಚೇ ಎದುರಿಸುತ್ತಾರೆ ಎಂದೂ ಅದೇ ಅಧ್ಯಯನ ಹೇಳಿದೆ. ಉಚ್ಚಾರಣೆ ನೋಡಿ ಅಳೆಯುವವರೂ, ಗಟ್ಟಿಯಾಗಿ ಮಾತಾಡುವ ಹೆಂಗಸನ್ನು 'ಜಗಳಗಂಟಿ' ಎನ್ನುವವರೂ ಎಲ್ಲ ಕಡೆ ಇದ್ದಾರೆ. ಅವರನ್ನು ಬದಲಿಸುವುದು ನಮ್ಮ ಕೈಲಿಲ್ಲ. ಮನೆಯ ಊಟದ ಮೇಜು ನಮ್ಮ ಕೈಲಿದೆ.

ದೂರದ ಕಥೆ ನಮಗ್ಯಾಕೆ ಅನ್ನಬೇಡಿ. ಗೋಲ್ಡ್‌ಮನ್ ಸ್ಯಾಕ್ಸ್ 2004ರಲ್ಲೇ ಬೆಂಗಳೂರಿಗೆ ಬಂತು. ನಮ್ಮ ಬೀದಿಯ ಹೆಣ್ಣುಮಕ್ಕಳೂ ಇದೇ ಏಣಿ ಹತ್ತುತ್ತಿದ್ದಾರೆ. ಅವರಿಗಾಗಿ ನಾವು ಮಾಡಬಹುದಾದದ್ದು ಇಷ್ಟು:

* ಮನೆಯ ಖರ್ಚಿನ ವಿಷಯದಲ್ಲಿ ಮಗಳ ಅಭಿಪ್ರಾಯ ಕೇಳಿ. 'ಯಾಕೆ ಹಾಗಂತೀಯಾ?' ಎಂದು ಕಾರಣವನ್ನೂ ಕೇಳಿ. ತಪ್ಪಿದ್ದರೂ ಮಾತು ಮುಗಿಸಲು ಬಿಡಿ.

* ಕೆಲಸಕ್ಕೆ ಸೇರಿದವಳಿಗೆ, ತಾನು ಮಾಡಿದ್ದನ್ನು ತಿಂಗಳಿಗೊಮ್ಮೆ ಬರೆದಿಡಲು ಹೇಳಿ, ನಾವು ಹಾಲಿನ ಲೆಕ್ಕ ಬರೆದಂತೆ. ವರ್ಷದ ಕೊನೆಯಲ್ಲಿ ಮೌಲ್ಯಮಾಪನಕ್ಕೆ ಕೂತಾಗ ಆ ಪುಟಗಳೇ ಸಾಕ್ಷಿ.

* ಬಡ್ತಿ ಕೇಳುವುದು ದುರಾಸೆಯಲ್ಲ. 'ನನ್ನಲ್ಲಿ ಏನು ಕಡಿಮೆ? ಯಾವಾಗ ಆಗುತ್ತೆ?' ಎಂದು ನೇರವಾಗಿ ಕೇಳಲಿ.

* ಬಡ್ತಿ ತೀರ್ಮಾನವಾಗುವ ಕೋಣೆಯಲ್ಲಿ ನಮ್ಮ ಹುಡುಗಿ ಇರುವುದಿಲ್ಲ. ಅಲ್ಲಿ ಅವಳ ಹೆಸರೆತ್ತುವ ಹಿರಿಯರೊಬ್ಬರು ಬೇಕು. ಬುದ್ಧಿ ಹೇಳುವ ಹಿತೈಷಿಗಳು ಬೇರೆ, ಹೆಸರೆತ್ತುವವರು ಬೇರೆ. ಎರಡನೆಯವರನ್ನು ಹುಡುಕಿಕೊಳ್ಳಲಿ.

ತಂಗಿಗೆ ಬಡ್ತಿ ಇನ್ನೂ ಸಿಕ್ಕಿಲ್ಲ. ಆದರೆ ಅವಳು ಬರೆದ ವರದಿಯನ್ನು ಈಗ ಮೀಟಿಂಗ್‌ನಲ್ಲಿ ಅವಳೇ ಮಂಡಿಸುತ್ತಾಳೆ. 'ಮೊದಲ ಸಲ ಕೈ ನಡುಗಿತು ಅಕ್ಕಾ' ಅಂದಳು.

ಮೊನ್ನೆ ನಮ್ಮ ಮಾವನವರು ಎಫ್‌ಡಿ ಬಡ್ಡಿಯ ಲೆಕ್ಕ ಹೇಳುತ್ತಿದ್ದರು. ಹತ್ತು ವರ್ಷದ ನನ್ನ ಮಗಳು ಮಧ್ಯೆ ಬಾಯಿ ಹಾಕಿದಳು: 'ತಾತಾ, ಬಡ್ಡಿಗಿಂತ ತರಕಾರಿ ರೇಟೇ ಜಾಸ್ತಿ ಏರಿದ್ರೆ ದುಡ್ಡು ಬೆಳೆದ ಹಾಗೆ ಹೇಗಾಗುತ್ತೆ?' 'ದೊಡ್ಡವರಿಗೆ ಎದುರು ಮಾತಾಡಬೇಡ' ಎನ್ನುವುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಮಾವನವರು ಕನ್ನಡಕ ಏರಿಸಿಕೊಂಡು, 'ಬಾ, ಕೂತ್ಕೋ. ಲೆಕ್ಕ ಹಾಕೇ ನೋಡೋಣ' ಅಂದರು.

ನಿಮ್ಮ ಮನೆಯ ಬಾಯಿಬಡುಕಿಯನ್ನೂ ಇವತ್ತು ಒಂದಿಷ್ಟು ಮಾತಾಡಲು ಬಿಡ್ತೀರಲ್ಲ?